ಪಕ್ಕದ ಹೊಲದ ಕೊಳವೆಬಾವಿ ಮತ್ತು 1882ರ ಕಾಯ್ದೆ

ಅಜ್ಜ ತೋಡಿಸಿದ ತೆರೆದ ಬಾವಿಯ ನೀರಿನಲ್ಲಿ ಅರವತ್ತು ವರ್ಷ ತರಕಾರಿ, ರಾಗಿ, ಒಂದಿಷ್ಟು ತೆಂಗು ಬೆಳೆದ ಕುಟುಂಬವೊಂದಿದೆ ಎಂದುಕೊಳ್ಳೋಣ. ಪಕ್ಕದ ಹೊಲದವರು ಬದುವಿನಿಂದ ಐವತ್ತು ಅಡಿ ಒಳಗೆ ರಿಗ್ ತರಿಸಿ ಒಂಬೈನೂರು ಅಡಿ ಕೊರೆಸುತ್ತಾರೆ. ಮೂರು ಇಂಚು ನೀರು ಬೀಳುತ್ತದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಈಚೆ ಬಾವಿಯ ತಳ ಕಾಣುತ್ತದೆ. ಬಾವಿಯವರು ಪಕ್ಕದವರ ಮೇಲೆ ದಾವೆ ಹೂಡಬಹುದೇ? ತಾಲ್ಲೂಕು ಕೇಂದ್ರದ ಯಾವ ವಕೀಲರನ್ನು ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಹೂಡಬಹುದು, ಗೆಲ್ಲುವುದು ಕಷ್ಟ.

ನೆಲದೊಳಗೆ ನಡೆಯುವುದನ್ನು ಸಾಬೀತುಪಡಿಸಲಾಗದು, ಅದಕ್ಕೇ ಕಷ್ಟ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅದು ಅರ್ಧ ಸತ್ಯ. ಪಕ್ಕದ ಕೊಳವೆಬಾವಿಯಿಂದಲೇ ತಮ್ಮ ಬಾವಿ ಬತ್ತಿತು ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟರೂ ಕಾನೂನು ಅವರ ಕೈ ಹಿಡಿಯುವುದಿಲ್ಲ. ಈಸ್‌ಮೆಂಟ್ ಎಂದರೆ ಇನ್ನೊಬ್ಬರ ಜಮೀನಿನಲ್ಲಿ ದಾರಿ, ಕಾಲುವೆಯಂಥವುಗಳಿಗೆ ಇರುವ ಬಳಕೆಯ ಹಕ್ಕು. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ ಸೆಕ್ಷನ್ 7ರಲ್ಲಿ ಜಮೀನಿನ ಮಾಲೀಕನ ಸಹಜ ಹಕ್ಕುಗಳಿಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಹೀಗಿದೆ: ಖಚಿತ ಕಾಲುವೆಯಾಗಿ ಹರಿಯದ ಭೂಗತ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ವಿಲೇವಾರಿ ಮಾಡುವ ಹಕ್ಕು ಪ್ರತಿಯೊಬ್ಬ ಮಾಲೀಕನಿಗೂ ಇದೆ. ಎಷ್ಟು ಆಳ, ಎಷ್ಟು ಪ್ರಮಾಣ, ಯಾವ ಬೆಳೆಗೆ ಎಂಬ ಯಾವ ಮಿತಿಯೂ ಅಲ್ಲಿಲ್ಲ.

ಇದಕ್ಕಿಂತ ಬಿರುಸಾದ ಪೆಟ್ಟು ಅದೇ ಕಾಯ್ದೆಯ ಸೆಕ್ಷನ್ 17ರಲ್ಲಿದೆ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬಳಸಿದ ದಾರಿಗೋ ಕಾಲುವೆಗೋ ಹಕ್ಕು ಹುಟ್ಟುತ್ತದೆ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಹಾಗೆ ಅನುಭವದಿಂದ ಪಡೆಯಲಾಗದ ಹಕ್ಕುಗಳನ್ನು ಸೆಕ್ಷನ್ 17 ಹೆಸರಿಸುತ್ತದೆ. ಖಚಿತ ಕಾಲುವೆಯಲ್ಲಿ ಹರಿಯದ ಭೂಗತ ನೀರಿನ ಹಕ್ಕು ಅವುಗಳಲ್ಲೊಂದು. ಎಂದರೆ ಎತ್ತಿನ ಗಾಡಿಯ ದಾರಿಯನ್ನು ಇಪ್ಪತ್ತು ವರ್ಷ ತುಳಿದವರಿಗೆ ಸಿಗುವ ರಕ್ಷಣೆ, ಒಂದೇ ಬಾವಿಯನ್ನು ಮೂರು ತಲೆಮಾರು ನಂಬಿ ಬದುಕಿದವರಿಗೆ ಸಿಗುವುದಿಲ್ಲ. ಮೊದಲು ಬಂದವರಿಗೆ ಮನ್ನಣೆ ಇಲ್ಲ, ಕೊನೆಗೆ ಬಂದು ಆಳಕ್ಕೆ ಇಳಿದವರಿಗೆ ತಡೆ ಇಲ್ಲ.

ಈ ನಿಯಮ ನಮ್ಮ ಹೊಲಗಳಲ್ಲಿ ಹುಟ್ಟಿದ್ದಲ್ಲ. ಬೇಸಾಯದ ಜಗಳದಲ್ಲೂ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ್ಯದಲ್ಲಿ ಹತ್ತಿ ಗಿರಣಿಯೊಂದರ ಬಾವಿ, ಹತ್ತಿರದಲ್ಲಿ ಕಲ್ಲಿದ್ದಲು ಗಣಿ ತೋಡಿದ್ದರಿಂದ ಬತ್ತಿತು. 1843ರಲ್ಲಿ ‘ಆಕ್ಟನ್ ವಿರುದ್ಧ ಬ್ಲಂಡೆಲ್’ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ, ಗಿರಣಿಯವರಿಗೆ ನಷ್ಟವಾಗಿರುವುದು ನಿಜ, ಆದರೆ ಗಣಿಯವರು ತಮ್ಮ ನೆಲದಲ್ಲಿ ತಾವು ಅಗೆದಿದ್ದಾರೆ, ಪರಿಹಾರ ಕೊಡಬೇಕಿಲ್ಲ ಎಂದಿತು. 1895ರ ಬ್ರಾಡ್‌ಫರ್ಡ್ ಪ್ರಕರಣದಲ್ಲಿ, ಆಗ ಅಲ್ಲಿನ ಕೊನೆಯ ಮೇಲ್ಮನವಿಯ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತನ್ನ ಜಮೀನನ್ನು ನಗರಸಭೆ ಒಳ್ಳೆಯ ಬೆಲೆಗೆ ಕೊಳ್ಳಲಿ ಎಂಬ ಉದ್ದೇಶದಿಂದಲೇ ಒಬ್ಬಾತ ನಗರಕ್ಕೆ ಹೋಗುತ್ತಿದ್ದ ಭೂಗತ ನೀರಿಗೆ ಅಡ್ಡ ಬಂದಿದ್ದ. ಉದ್ದೇಶ ಕೆಟ್ಟದ್ದಾದರೂ ಹಕ್ಕು ಹಕ್ಕೇ ಎಂದಿತು ನ್ಯಾಯಪೀಠ. ಭೂಗತ ನೀರಿನ ಚಲನೆ ಕಣ್ಣಿಗೆ ಕಾಣದ್ದು, ಮುಂದಾಗಿ ತಿಳಿಯಲಾಗದ್ದು ಎಂಬ ಹತ್ತೊಂಬತ್ತನೇ ಶತಮಾನದ ನಂಬಿಕೆ ಈ ತೀರ್ಪುಗಳ ಬೆನ್ನಿಗಿತ್ತು. ಇಂಗ್ಲೆಂಡೇ 1963ರ ಜಲಸಂಪನ್ಮೂಲ ಕಾಯ್ದೆ ತಂದು, ನೀರೆತ್ತಲು ಪರವಾನಗಿ ಬೇಕು ಎಂದು ಹಳೆಯ ದಾರಿಯಿಂದ ಹೊರಬಂದಿತು. ನಾವು ಮಾತ್ರ ಲ್ಯಾಂಕಷೈರ್‌ನ ಗಣಿಯ ತೀರ್ಪನ್ನು ಪಾವಗಡದ ಹೊಲದಲ್ಲಿ ಇನ್ನೂ ನಡೆಸುತ್ತಿದ್ದೇವೆ.

ಸಾಕ್ಷ್ಯದ ಮಾತಿಗೆ ಬರೋಣ. ಕರ್ನಾಟಕದ ಬಹುಭಾಗ ಗಟ್ಟಿ ಶಿಲೆಯ ನೆಲ. ಮೇಲೆ ಶಿಥಿಲಗೊಂಡ ಕಲ್ಲುಮಣ್ಣಿನ ಪದರ, ಕೆಳಗೆ ಗ್ರಾನೈಟ್ ಮತ್ತು ನೈಸ್ ಬಂಡೆ, ಬಂಡೆಯೊಳಗೆ ಅಲ್ಲಲ್ಲಿ ಬಿರುಕು. ತೆರೆದ ಬಾವಿ ಮೇಲಿನ ಪದರದ ನೀರನ್ನು ನಂಬಿದರೆ ಕೊಳವೆಬಾವಿ ಬಿರುಕುಗಳ ನೀರನ್ನು ಎಳೆಯುತ್ತದೆ. ಬಿರುಕುಗಳಿಗೆ ನೀರು ಇಳಿಯುವುದು ಮೇಲಿನ ಪದರದಿಂದಲೇ. ಹಾಗಾಗಿ ಆಳದಲ್ಲಿ ಪಂಪ್ ಓಡಿದಷ್ಟೂ ಮೇಲಿನದು ಸೋರಿ ಕೆಳಗಿಳಿಯುತ್ತದೆ. ಆದರೆ ಬಿರುಕಿನ ದಿಕ್ಕು ಸರ್ವೆ ನಂಬರನ್ನು ಕೇಳಿಕೊಂಡು ಸಾಗುವುದಿಲ್ಲ. ನೂರು ಅಡಿ ದೂರದ ಎರಡು ಕೊಳವೆಬಾವಿಗಳಲ್ಲಿ ಒಂದಕ್ಕೆ ನೀರು ಬಂದು ಇನ್ನೊಂದು ಬರೀ ಧೂಳು ಕಾರುವುದೂ, ಅರ್ಧ ಕಿಲೋಮೀಟರ್ ಆಚೆಯ ಪಂಪ್ ಚಾಲೂ ಆದರೆ ಇಲ್ಲಿ ಮಟ್ಟ ಕುಸಿಯುವುದೂ ಇದರಿಂದಲೇ. ಸಂಬಂಧ ಇದೆಯೋ ಇಲ್ಲವೋ ಎಂದು ತಿಳಿಯಲು ದಾರಿ ಇಲ್ಲದಿಲ್ಲ. ಒಂದರಲ್ಲಿ ಗಂಟೆಗಟ್ಟಲೆ ಪಂಪ್ ಓಡಿಸಿ, ಇನ್ನೊಂದರ ನೀರಿನ ಮಟ್ಟವನ್ನು ಆಗಾಗ ಅಳೆದು ದಾಖಲಿಸಿದರೆ ಬಹುಪಾಲು ಗೊತ್ತಾಗುತ್ತದೆ. ನ್ಯಾಯಾಲಯ ಬಯಸಿದರೆ ಸ್ಥಳ ನೋಡಿ ವರದಿ ಕೊಡುವ ಕಮಿಷನರ್ ನೇಮಿಸಿ ಭೂವಿಜ್ಞಾನಿಯ ನೆರವಿನಿಂದ ಇದನ್ನು ಮಾಡಿಸಬಹುದು. 1843ರಲ್ಲಿ ನಿಗೂಢವಾಗಿದ್ದದ್ದು ಈಗ ನಿಗೂಢವಲ್ಲ. ಅಳೆದು ತೋರಿಸಿದ ಮೇಲೂ ಕೇಳಲು ಹಕ್ಕಿಲ್ಲ ಎಂಬುದೇ ತೊಡಕು.

ಹೀಗಾಗಿ ನೀರಿನ ಜಗಳ ಕೋರ್ಟಿಗೆ ಬರುವುದು ಬೇರೆ ವೇಷದಲ್ಲಿ. ಅದರಲ್ಲಿ ಹೆಚ್ಚು ಕಾಣುವುದು ಅಣ್ಣತಮ್ಮಂದಿರ ಪಾಲಿನ ಬಾವಿ. ಪಾಲುಪತ್ರದಲ್ಲಿ ಬಾವಿ ಅಣ್ಣನ ಹಿಸ್ಸೆಗೆ ಬಿದ್ದಿರುತ್ತದೆ, ತಮ್ಮನಿಗೆ ವಾರದಲ್ಲಿ ಇಷ್ಟು ದಿನದ ಪಾಳಿ ಎಂದು ಬರೆದಿರುತ್ತದೆ. ಪಾಳಿ ತಪ್ಪಿಸಿದರೆ ತಮ್ಮ ದಾವೆ ಹೂಡಿ ನಿರ್ಬಂಧಕಾಜ್ಞೆ ತರಬಹುದು, ಏಕೆಂದರೆ ಅಲ್ಲಿ ಹಕ್ಕು ಹುಟ್ಟಿದ್ದು ಪತ್ರದಿಂದ. ಆದರೆ ಬಾವಿ ಬತ್ತಿ, ಅಣ್ಣ ಅದರ ಪಕ್ಕದಲ್ಲೇ ತನ್ನ ಹಣದಲ್ಲಿ ಕೊಳವೆಬಾವಿ ಕೊರೆಸಿದರೆ? ಪಾಲುಪತ್ರ ಮಾತಾಡುವುದು ಆ ಬಾವಿಯ ಬಗ್ಗೆ. ಹೊಸದಕ್ಕೆ ತಮ್ಮನ ಪಾಳಿ ಮುಂದುವರಿಯುತ್ತದೆಯೇ ಎಂಬುದು ಪತ್ರದ ಮಾತು, ಖರ್ಚು ಕೊಟ್ಟವರು ಯಾರು, ಜಾಗ ಜಂಟಿಯೇ ಎಂಬುದರ ಮೇಲೆ ನಿಲ್ಲುತ್ತದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬರೆದ ಪಾಲುಪತ್ರಗಳಿಗೆ ಕೊಳವೆಬಾವಿಯ ಕಲ್ಪನೆಯೇ ಇರಲಿಲ್ಲ. ವರ್ಷಗಟ್ಟಲೆ ಎಳೆಯುವ ಕೇಸುಗಳು ಇಲ್ಲಿಂದ ಹುಟ್ಟುತ್ತವೆ.

ಉಳಿದವು ಪೈಪಿನ ಜಗಳ, ಕರೆಂಟಿನ ಜಗಳ. ನೀರು ಸಾಗಿಸಲು ಇನ್ನೊಬ್ಬರ ಹೊಲದಲ್ಲಿ ಪೈಪ್ ಹೂಳಲು ಹಕ್ಕಿದೆಯೇ, ಟ್ರಾನ್ಸ್‌ಫಾರ್ಮರ್‌ನಿಂದ ತಂತಿ ಯಾರ ಬದುವಿನ ಮೇಲೆ ಹಾಯಬೇಕು ಎಂಬ ತಕರಾರುಗಳು. ಪಕ್ಕದವರು ನೀರೆತ್ತುವುದನ್ನು ತಡೆಯಲು ಆಗದವರು ಅವರ ವಿದ್ಯುತ್ ಸಂಪರ್ಕದ ಮೇಲೆ ಆಕ್ಷೇಪಣೆ ಕೊಡುತ್ತಾರೆ. ಇದು ಹಟವೂ ಹೌದು, ಬೇರೆ ದಾರಿ ಇಲ್ಲದ ಅಸಹಾಯಕತೆಯೂ ಹೌದು.

ಹಾಗಾದರೆ ಸರ್ಕಾರದ ಕಾನೂನುಗಳು ಏನು ಮಾಡುತ್ತಿವೆ? ನೀರು ರಾಜ್ಯಪಟ್ಟಿಯ ವಿಷಯ. ಕರ್ನಾಟಕದಲ್ಲಿ ಕೊಳವೆಬಾವಿಗೆ ಕಡಿವಾಣ ಹಾಕಲು ಮೊದಲು ಹೊರಟವರು ಜಿಲ್ಲಾಡಳಿತಗಳು, ಬರೀ ಆದೇಶಗಳ ಮೂಲಕ. ಧಾರವಾಡ ಜಿಲ್ಲಾಧಿಕಾರಿಯ ವಿರುದ್ಧ ರೈತರು ಹೋದ ಪ್ರಕರಣವೊಂದರಲ್ಲಿ ಹೈಕೋರ್ಟ್, ತನ್ನ ಜಮೀನಿನಲ್ಲಿ ಕೊಳವೆಬಾವಿ ಕೊರೆಸುವ ಹಕ್ಕನ್ನು ಶಾಸನಸಭೆ ಮಾಡಿದ ಕಾಯ್ದೆಯಿಂದ ಮಾತ್ರ ಮೊಟಕುಗೊಳಿಸಬಹುದು ಎಂದಿತು. ಈ ತೀರ್ಪು ಕಾನೂನು ವರದಿಗಳಲ್ಲಿ ಪ್ರಕಟವಾದದ್ದು 1998ರಲ್ಲಿ. ಮರುವರ್ಷವೇ ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ಅಂತರ್ಜಲ ನಿಯಂತ್ರಣ ಕಾಯ್ದೆ, ಅಂದರೆ 1999ರ ಕಾಯ್ದೆ, ಬಂತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂಬುದು ಇದರ ತಿರುಳು. ಆರು ವರ್ಷ ಮೊದಲೇ ಮಹಾರಾಷ್ಟ್ರ 1993ರಲ್ಲಿ ಇದೇ ಅಂತರದ ಕಾಯ್ದೆ ಮಾಡಿತ್ತು. ಕರ್ನಾಟಕದ ಕಾಯ್ದೆಯಡಿ ನೀರಿನ ಅಭಾವ ಘೋಷಿಸಿದ ಪ್ರದೇಶದಲ್ಲಿ ಇರುವ ಬಾವಿಗಳ ಮೇಲೂ ಜಿಲ್ಲಾಡಳಿತ ಕೈ ಹಾಕಬಹುದು.

ಈ 500 ಮೀಟರ್ ನಿಯಮ ಕಾಪಾಡುವುದು ಊರಿನ ನಲ್ಲಿಯನ್ನು, ರೈತನ ಬಾವಿಯನ್ನಲ್ಲ. ಇಬ್ಬರು ರೈತರ ನಡುವಿನ ವ್ಯಾಜ್ಯಕ್ಕೆ ಅದರಲ್ಲಿ ಉತ್ತರವಿಲ್ಲ. ಕುಡಿಯುವ ನೀರಿಗೆ ಮೊದಲ ಸ್ಥಾನ ಸರಿಯೇ. ಆದರೆ ಊರಿನವರು ಪಂಚಾಯಿತಿಯ ಕೊಳವೆಬಾವಿಯ ನೆಪ ಹಿಡಿದು ತಮ್ಮ ಹಳೆಯ ವೈರಿಯ ಬೋರ್ ನಿಲ್ಲಿಸಲು ಅರ್ಜಿ ಕೊಡುವುದು, ಅವರು ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತರುವುದು, ಈ ಆಟಕ್ಕೆ ಕಾಯ್ದೆಯೇ ಮೈದಾನ ಒದಗಿಸಿತು. ರಿಟ್ ಅರ್ಜಿಗಳು ಬಹುಪಾಲು ‘ಮನವಿಯನ್ನು ಕಾನೂನು ಪ್ರಕಾರ ಪರಿಗಣಿಸಿ’ ಎಂಬ ಆದೇಶದಲ್ಲಿ ಮುಗಿದು ಕಡತ ಮತ್ತೆ ತಹಶೀಲ್ದಾರ್ ಮೇಜಿಗೆ ಬರುತ್ತದೆ.

2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಮಹತ್ವಾಕಾಂಕ್ಷೆ ದೊಡ್ಡದು. ಅಂತರ್ಜಲ ಪ್ರಾಧಿಕಾರ, ಅಧಿಸೂಚಿತ ಪ್ರದೇಶ, ಅಲ್ಲಿ ಹೊಸ ಬಾವಿಗೆ ಪರವಾನಗಿ, ಹಳೆಯ ಬಾವಿಗೆ ನೋಂದಣಿ, ರಿಗ್ ಯಂತ್ರಗಳಿಗೂ ನೋಂದಣಿ. ಕಾಗದದಲ್ಲಿ ಇದು 1882ರ ಕಾಯ್ದೆಗೆ ಸರಿಯಾದ ಎದುರಾಳಿ. ಆದರೆ ಪರವಾನಗಿ ಎಂಬುದು ಮಾಲೀಕ ಮತ್ತು ಸರ್ಕಾರದ ನಡುವಿನ ವ್ಯವಹಾರ. ಪಕ್ಕದವರಿಗೆ ಆದ ನಷ್ಟವನ್ನು ಅಳೆದು, ಸರದಿ ಕಟ್ಟಿ, ಹೊಂದಿಸಿಕೊಡುವ ವೇದಿಕೆ ಅದರಲ್ಲಿಲ್ಲ. ಅನುಮತಿ ಪಡೆದು ಕೊರೆಸಿದವರು ನಾಳೆ ಹಗಲೂ ರಾತ್ರಿ ಮೋಟರ್ ಓಡಿಸಿದರೆ ಎಷ್ಟು ನೀರು ಹೋಯಿತು ಎಂದು ಬರೆದಿಡುವ ಮೀಟರ್ ಕೂಡ ಹೊಲಗಳಲ್ಲಿಲ್ಲ.

ಈ ಗೊಂದಲವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ನೆರೆಯ ಕೇರಳದ ಪ್ಲಾಚಿಮಡ. ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಪಂಚಾಯಿತಿಯಲ್ಲಿ ಕೋಕಾ ಕೋಲಾ ಕಂಪನಿಯ ಘಟಕ 2000ದಲ್ಲಿ ಆರಂಭವಾಯಿತು. ಸುತ್ತಲಿನ ಬಾವಿಗಳ ನೀರು ಇಳಿಯಿತು, ಉಳಿದದ್ದು ಬಾಯಿಗಿಡದಂತಾಯಿತು ಎಂದು 2002ರ ಏಪ್ರಿಲ್‌ನಲ್ಲಿ ಅಲ್ಲಿನ ಆದಿವಾಸಿಗಳು ಧರಣಿ ಕೂತರು. ಮರುವರ್ಷ ಪಂಚಾಯಿತಿ ಪರವಾನಗಿ ನವೀಕರಿಸಲಿಲ್ಲ. ಪ್ರಕರಣ ಹೈಕೋರ್ಟಿಗೆ ಬಂತು. 2003ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ಅವರ ಏಕಸದಸ್ಯ ಪೀಠ, ಅಂತರ್ಜಲ ಜನರ ಸ್ವತ್ತು, ಸರ್ಕಾರ ಅದರ ಧರ್ಮದರ್ಶಿ ಎಂದಿತು. 34 ಎಕರೆಯ ಸಾಮಾನ್ಯ ಜಮೀನುದಾರರೊಬ್ಬರು ಎತ್ತುವಷ್ಟು ನೀರನ್ನು ಮಾತ್ರ ಕಂಪನಿ ಎತ್ತಬಹುದು, ಹೆಚ್ಚಿನದಕ್ಕೆ ಬೇರೆ ಮೂಲ ಹುಡುಕಿಕೊಳ್ಳಲಿ ಎಂಬುದು ಆದೇಶ. 2005ರ ಏಪ್ರಿಲ್ 7ರಂದು ವಿಭಾಗೀಯ ಪೀಠ ಇದನ್ನು ತಿರುಗಿಸಿತು. ಶಾಸನ ನಿಷೇಧಿಸದ ಹೊರತು ತನ್ನ ನೆಲದ ನೀರೆತ್ತಲು ಮಾಲೀಕನಿಗೆ ಹಕ್ಕಿದೆ ಎಂದು ಹೇಳಿ, ತಜ್ಞರ ವರದಿಯ ಆಧಾರದಲ್ಲಿ ಷರತ್ತುಗಳೊಂದಿಗೆ ದಿನಕ್ಕೆ 5 ಲಕ್ಷ ಲೀಟರ್‌ಗೆ ಅವಕಾಶ ಕೊಟ್ಟಿತು. ಘಟಕ ಅಷ್ಟರೊಳಗೆ, 2004ರ ಮಾರ್ಚ್‌ನಲ್ಲೇ, ನಿಂತಿತ್ತು. 2017ರಲ್ಲಿ ಕಂಪನಿ, ಅಲ್ಲಿ ಮತ್ತೆ ಉತ್ಪಾದನೆ ಆರಂಭಿಸುವ ಇರಾದೆ ಇಲ್ಲ ಎಂದು ಸುಪ್ರೀಂ ಕೋರ್ಟಿಗೆ ತಿಳಿಸಿತು, ಮೇಲ್ಮನವಿ ಮುಗಿಯಿತು. ಯಾವ ತತ್ತ್ವ ಸರಿ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಮೊದಲ ತೀರ್ಪನ್ನು ಮೆಚ್ಚಿ ಬರೆದವರು ಬಹಳ, ನನಗೂ ಅದೇ ಇಷ್ಟ. ಆದರೆ ಅದರ ಅಳತೆಗೋಲನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಭತ್ತದ ಒಂದು ಬೆಳೆಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕು ಎಂದಿಟ್ಟುಕೊಂಡರೆ 34 ಎಕರೆಗೆ ಆಗುವುದು 16.5 ಕೋಟಿ ಲೀಟರ್. ಇದು ದಿನಕ್ಕೆ 5 ಲಕ್ಷ ಲೀಟರ್‌ನಂತೆ 330 ದಿನದ ನೀರು. ಭತ್ತದ ನೀರಿನಲ್ಲಿ ಒಂದು ಪಾಲು ಮಳೆಯಿಂದ ಬರುತ್ತದೆ, ಗದ್ದೆಯಲ್ಲಿ ಇಂಗಿದ್ದರಲ್ಲಿ ಒಂದಂಶ ಮತ್ತೆ ಕೆಳಗಿಳಿಯುತ್ತದೆ, ಬಾಟಲಿಯಲ್ಲಿ ಹೋದದ್ದು ಹಿಂದಿರುಗುವುದಿಲ್ಲ. ಇವೆಲ್ಲ ನಿಜ. ಆದರೂ ಎರಡು ತೀರ್ಪುಗಳ ತತ್ತ್ವದ ನಡುವೆ ಇರುವಷ್ಟು ದೂರ ಲೀಟರುಗಳ ನಡುವೆ ಇಲ್ಲದಿರಬಹುದು. ‘ರೈತನ ಸಾಮಾನ್ಯ ಬಳಕೆ’ ಎಂಬುದು ಸಣ್ಣದು, ನಿರುಪದ್ರವಿ ಎಂದು ನಾವು ಅಳೆಯದೆ ನಂಬಿಕೊಂಡಿದ್ದೇವೆ. ದೇಶದಲ್ಲಿ ಎತ್ತುವ ಅಂತರ್ಜಲದಲ್ಲಿ ಶೇ 87ರಷ್ಟು ಹೋಗುವುದು ನೀರಾವರಿಗೆ. ಕಾರ್ಖಾನೆಯ ಎದುರು ನಿಂತಾಗ ರೈತರು ಒಂದಾಗಿರುತ್ತಾರೆ, ಪಕ್ಕದ ಅಡಿಕೆ ತೋಟದ ಎದುರು ರಾಗಿ ಬೆಳೆಯುವವರು ಒಂಟಿ.

ಅಂತರ್ಜಲ ಸಾರ್ವಜನಿಕ ನ್ಯಾಸ, ಅಂದರೆ ಜನರ ಪರವಾಗಿ ಸರ್ಕಾರ ಕಾಯಬೇಕಾದ ಸ್ವತ್ತು ಎಂಬ ಮಾತು ಸುಪ್ರೀಂ ಕೋರ್ಟಿನಿಂದಲೂ ಬಂದಿದೆ. 2004ರ ಕೇಸೋರಾಮ್ ಇಂಡಸ್ಟ್ರೀಸ್ ತೀರ್ಪಿನಲ್ಲಿ, ಆಳದ ಭೂಗತ ನೀರಿಗೆ ಈ ತತ್ತ್ವ ಅನ್ವಯಿಸುವ ಅರ್ಥದಲ್ಲಿ ಅದು ರಾಜ್ಯಕ್ಕೆ ಸೇರಿದ್ದು ಎಂದು ಹೇಳಲಾಯಿತು. ಅದು ಮೂಲತಃ ತೆರಿಗೆಯ ಪ್ರಕರಣ ಎಂಬುದನ್ನು ಉಲ್ಲೇಖಿಸುವವರು ಮರೆಯುತ್ತಾರೆ. ಈ ತತ್ತ್ವ ಬಲ ಕೊಡುವುದು ಸರ್ಕಾರಕ್ಕೆ, ಬಾವಿ ಬತ್ತಿದವರಿಗಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ತತ್ವಾರ ಬಂದಾಗ ಇದು ಕಣ್ಣಿಗೆ ಕಂಡಿತು. ನೀರು ಯಾರೊಬ್ಬರ ಸ್ವತ್ತಲ್ಲ, ಸರ್ಕಾರದ್ದು ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು. ಟ್ಯಾಂಕರ್‌ಗಳ ನೋಂದಣಿ ಕಡ್ಡಾಯವಾಯಿತು, ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತು. ನಗರಕ್ಕೆ ಬಾಯಾರಿದಾಗ ನೀರು ಸರ್ಕಾರದ್ದಾಗುತ್ತದೆ. ಆ ಟ್ಯಾಂಕರ್ ತುಂಬಿಸಿಕೊಂಡ ಹೊರವಲಯದ ಜಮೀನಿನ ಪಕ್ಕದಲ್ಲಿ ಸೊಪ್ಪು ಬೆಳೆಯುವವರಿಗೆ ಮಾತ್ರ ಅದೇ ನೀರು ಮಾಲೀಕನ ಸಹಜ ಹಕ್ಕಾಗಿ ಉಳಿದಿರುತ್ತದೆ.

ಬೇಸಾಯದ ಬಾವಿಗಳನ್ನು ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯವಿಲ್ಲ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಸೆಪ್ಟೆಂಬರ್ ಮಾರ್ಗಸೂಚಿ ನೀರೆತ್ತಲು ಪಡೆಯಬೇಕಾದ ನಿರಾಕ್ಷೇಪಣಾ ಪತ್ರದಿಂದ ಕೃಷಿಯನ್ನು ಹೊರಗಿಟ್ಟಿದೆ. ಆರನೆಯ ಸಣ್ಣ ನೀರಾವರಿ ಗಣತಿಯ ಪ್ರಕಾರ ದೇಶದಲ್ಲಿ ಅಂತರ್ಜಲ ಆಧರಿಸಿದ ನೀರಾವರಿ ಘಟಕಗಳು 2.19 ಕೋಟಿ. ಇಷ್ಟನ್ನು ತಹಶೀಲ್ದಾರರ ಮಟ್ಟದಲ್ಲಿ ಪರವಾನಗಿ ಕೊಟ್ಟು ಕಾಯುವುದು ಆಗದ ಮಾತು ಎಂಬ ವಾದದಲ್ಲಿ ಹುರುಳಿದೆ. ಆದರೆ ಸರ್ಕಾರ ಸುಮ್ಮನೂ ಇಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಅನಧಿಕೃತ ಸಂಪರ್ಕಗಳಿಗೆ ಅಕ್ರಮ-ಸಕ್ರಮ. ಒಂದು ಇಲಾಖೆ ಕೊರೆಯಬೇಡ ಎನ್ನುತ್ತದೆ, ಕೊರೆದದ್ದಕ್ಕೆ ಇನ್ನೊಂದು ಇಲಾಖೆ ತಂತಿ ಎಳೆದುಕೊಡುತ್ತದೆ. ಸಾಲ ಮಾಡಿ ನಾಲ್ಕನೇ ಬೋರ್ ಕೊರೆಸುವ ರೈತರನ್ನು ದೂರುವುದರಲ್ಲಿ ಅರ್ಥವಿಲ್ಲ. ತಾನು ಬಿಟ್ಟ ನೀರನ್ನು ಪಕ್ಕದವರು ಎತ್ತುವುದು ಖಚಿತ ಎಂದಿರುವಾಗ ಬಿಡುವವರು ಯಾರು?

2017ರಲ್ಲಿ ಕೇಂದ್ರ ಸರ್ಕಾರ ಸಿದ್ಧಪಡಿಸಿದ ಮಾದರಿ ಅಂತರ್ಜಲ ಮಸೂದೆ, ಭೂಮಾಲೀಕತ್ವದಿಂದ ನೀರಿನ ಹಕ್ಕನ್ನು ಬಿಡಿಸಿ ಅದನ್ನು ಸಾಮೂಹಿಕ ಸಂಪನ್ಮೂಲವೆಂದು ಕಾಣುತ್ತದೆ, ಗ್ರಾಮಮಟ್ಟದ ಸಂಸ್ಥೆಗಳಿಗೆ ನಿರ್ವಹಣೆ ಒಪ್ಪಿಸುತ್ತದೆ. ರಾಜ್ಯಗಳು ಒಪ್ಪದೆ ಅದಕ್ಕೆ ಜೀವ ಬರುವುದಿಲ್ಲ. ಮಹಾರಾಷ್ಟ್ರದ 2009ರ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ 60 ಮೀಟರ್‌ಗಿಂತ ಆಳದ ಬಾವಿಗೆ ತಡೆ ಹಾಕಿದೆ. ಅಂತರಕ್ಕಿಂತ ಆಳಕ್ಕೆ ಮಿತಿ ಹಾಕುವುದೇ ನ್ಯಾಯ ಎಂದು ನನಗೆ ಅನಿಸುತ್ತದೆ. ಅಂತರದ ನಿಯಮ ಮೊದಲು ಕೊರೆದವರಿಗೆ ಲಾಭ ಮಾಡಿಕೊಡುತ್ತದೆ, ಆಗ ಹಣವಿಲ್ಲದೆ ಸುಮ್ಮನಿದ್ದವರು ಶಾಶ್ವತವಾಗಿ ಹೊರಗುಳಿಯುತ್ತಾರೆ. ಆಳದ ಮಿತಿ ಎಲ್ಲರನ್ನೂ ಒಂದೇ ಪದರದ ನೀರಿಗೆ ಕಟ್ಟಿಹಾಕುತ್ತದೆ, ಆ ಪದರ ಮಳೆಯಿಂದ ತುಂಬುವುದು ಎಲ್ಲರ ಕಣ್ಣೆದುರೇ ಕಾಣುತ್ತದೆ. ಅದೇ ರಾಜ್ಯದ ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್ ಗ್ರಾಮ ಮಾಡಿದ್ದೂ ಇದನ್ನೇ. ಪೋಪಟರಾವ್ ಪವಾರ್ ಸರಪಂಚರಾಗಿದ್ದಾಗ ಊರು ನೀರಾವರಿಗೆ ಕೊಳವೆಬಾವಿ ಬೇಡ ಎಂದು ತೀರ್ಮಾನಿಸಿತು, ಪ್ರತಿ ವರ್ಷ ಮಳೆಯ ಲೆಕ್ಕ ಹಾಕಿ ಬೆಳೆ ನಿರ್ಧರಿಸುವ ರೂಢಿ ಬಂತು. ಅದು ಕಾಯ್ದೆಯ ಬಲದಿಂದ ನಿಂತದ್ದಲ್ಲ, ಊರಿನ ಕಟ್ಟಿನಿಂದ. ಅಂಥ ಕಟ್ಟನ್ನು ಒಬ್ಬರು ಮುರಿದು ನ್ಯಾಯಾಲಯಕ್ಕೆ ಹೋದರೆ 1882ರ ಸೆಕ್ಷನ್ 7 ಮುರಿದವರ ಪರವಾಗಿಯೇ ನಿಲ್ಲುತ್ತದೆ. ಆದ್ದರಿಂದ ರಾಜ್ಯ ಮಾಡಬೇಕಾದ ಮೊದಲ ತಿದ್ದುಪಡಿ ದೊಡ್ಡದೇನಲ್ಲ. ಗ್ರಾಮಸಭೆ ಒಪ್ಪಿ ನೋಂದಾಯಿಸಿದ ನೀರಿನ ಕಟ್ಟುಪಾಡು ಆ ಜಲಾನಯನದ ಎಲ್ಲ ಮಾಲೀಕರಿಗೂ ಅನ್ವಯಿಸುತ್ತದೆ ಎಂಬ ಒಂದು ಕಲಮು ಸಾಕು.

ಅಲ್ಲಿಯವರೆಗೆ ವ್ಯಾಜ್ಯದ ಅಂಚಿನಲ್ಲಿರುವವರು ಮಾಡಬಹುದಾದದ್ದು ಸ್ವಲ್ಪ ಇದೆ. ಹೊಸ ಪಾಲುಪತ್ರ ಬರೆಸುವವರು ‘ಈ ಬಾವಿ’ ಎಂದು ನಿಲ್ಲಿಸದೆ ಅದು ಬತ್ತಿದರೆ ಬದಲಿಗೆ ಕೊರೆಯುವ ಕೊಳವೆಬಾವಿಗೂ ಪಾಳಿ ಮತ್ತು ಖರ್ಚಿನ ಪಾಲು ಮುಂದುವರಿಯುತ್ತದೆ ಎಂದು ಸೇರಿಸಿ ನೋಂದಾಯಿಸಬೇಕು. ಪಕ್ಕದ ಹೊಲದವರೊಂದಿಗೆ ಪಂಪ್ ಓಡಿಸುವ ಸಮಯದ ಬಗ್ಗೆ ಮಾಡಿಕೊಂಡ ಮಾತನ್ನು ಛಾಪಾ ಕಾಗದದಲ್ಲಿ ಬರೆದಿಟ್ಟರೆ ಅದು ಒಪ್ಪಂದವಾಗುತ್ತದೆ, ಒಪ್ಪಂದದ ಭಂಗಕ್ಕೆ ಕೋರ್ಟಿನಲ್ಲಿ ಕೇಳುವವರಿದ್ದಾರೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬಾವಿಯ ನೀರಿನ ಮಟ್ಟ ಅಳೆದು ದಿನಾಂಕದೊಂದಿಗೆ ಬರೆದಿಡುವುದೂ ಒಳ್ಳೆಯದು. 500 ಮೀಟರ್‌ನ ತಕರಾರಿರಲಿ, ಪಾಳಿಯ ದಾವೆಯಿರಲಿ, ಕಮಿಷನರ್ ಸ್ಥಳಕ್ಕೆ ಬಂದಾಗ ಕೇಳುವ ಮೊದಲ ಪ್ರಶ್ನೆ ‘ಮೊದಲು ಎಷ್ಟಿತ್ತು’ ಎಂಬುದು, ಅದಕ್ಕೆ ಈಗ ಹೆಚ್ಚಿನವರ ಬಳಿ ಇರುವ ಉತ್ತರ ‘ತುಂಬಿರುತ್ತಿತ್ತು ಸ್ವಾಮಿ’ ಎಂಬುದಷ್ಟೇ.